ಗೆರೆಯ ಬಳಿ ಹಿಡಿದ ಬ್ರೇಕ್

“ಗುರುಗಳೇ, ಮೂರನೆಯದೂ ನನಗೇ ಬೇಕು ಅನ್ನುವುದು ದುರಾಸೆಯೇ?” ಎಂದು ದಾನಮ್ಮ ಕೇಳಿದಳು.

ಆ ವರ್ಷ ರಸ್ತೆ ಸೈಕ್ಲಿಂಗ್‌ನ ರಾಜ್ಯ ಪ್ರಶಸ್ತಿ ಅವಳದಾಗಿತ್ತು, ದಕ್ಷಿಣ ವಲಯದ್ದೂ ಅವಳದೇ. ಇನ್ನು ಎಂಟು ದಿನಕ್ಕೆ ರಾಷ್ಟ್ರ ಪ್ರಶಸ್ತಿಯ ಸ್ಪರ್ಧೆ. ಗೆದ್ದ ಎರಡರಲ್ಲೂ ಅವಳದೇ ತಂಡದ ಗೆಳತಿ ಕಸ್ತೂರಿ ಮುಂದೆ ಸಾಗುತ್ತ ಗಾಳಿ ಸೀಳಿಕೊಟ್ಟಿದ್ದಳು. ದಾನಮ್ಮ ಅವಳ ಬೆನ್ನ ಮರೆಯಲ್ಲಿ ಬಲ ಉಳಿಸಿಕೊಂಡು ಕೊನೆಗೆ ಚಿಮ್ಮಿದ್ದಳು. ಕಸ್ತೂರಿಗೆ ಇದು ಸ್ಪರ್ಧೆಗಿಳಿಯುವ ಕಡೆಯ ವರ್ಷ. ಹಾಗಾಗಿ ದಾನಮ್ಮನಿಗೆ ಸಮಾಧಾನವಿರಲಿಲ್ಲ. ಪದಕದ ಆಸೆಯೂ ಬಿಟ್ಟಿರಲಿಲ್ಲ.

“ಕೊನೆಯಲ್ಲಿ ಒಂಚೂರು ಬ್ರೇಕ್ ಹಿಡಿದು ಅವಳಿಗೇ ಬಿಟ್ಟುಕೊಡಲೇ?”

ಗುರುಗಳು ಅವಳ ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಹೇಳತೊಡಗಿದರು.

ಒಬ್ಬ ಸವಾರನಿದ್ದ. ಅವನಿಗೊಬ್ಬ ಜೊತೆಗಾರನಿದ್ದ. ಸವಾರ ಒಂದೇ ವರ್ಷದಲ್ಲಿ ಎರಡು ದೊಡ್ಡ ಪ್ರಶಸ್ತಿ ಗೆದ್ದ. ಎರಡು ಸಲವೂ ಗಾಳಿಗೆ ಎದೆಯೊಡ್ಡಿದವನು ಜೊತೆಗಾರ. ಮೂರನೆಯ ಸಲವೂ ಹಾಗೆಯೇ. ನೂರು ಕಿಲೋಮೀಟರ್ ಜೊತೆಗಾರ ಮುಂದೆ, ಸವಾರ ಹಿಂದೆ. ಕೊನೆಗೆ ಸವಾರ ಚಿಮ್ಮಿದ. ಮುಕ್ತಾಯದ ಗೆರೆ ಹತ್ತು ಮಾರು ದೂರವಿದ್ದಾಗ ಅವನಿಗೆ ಕರುಣೆ ಬಂತು. ತಡವಾಗಿ ಬಂತು, ಆದರೂ ಬಂತು. ಬ್ರೇಕ್ ಹಿಡಿದ. ಜೊತೆಗಾರ ಪಕ್ಕದಿಂದ ದಾಟಿ ಗೆದ್ದ. ಜನ ಜೊತೆಗಾರನಿಗೆ ಹಾರ ಹಾಕಿದರು. ‘ಎಂಥಾ ದೊಡ್ಡ ಮನಸ್ಸು’ ಎಂದು ಹೊಗಳಿದ್ದು ಮಾತ್ರ ಸವಾರನನ್ನು.

ಮರುದಿನ ಜೊತೆಗಾರ ಪದಕ ತಂದು ಸವಾರನ ಕೈಗಿಟ್ಟ.

“ಯಾಕಪಾ, ನೀ ಗೆದ್ದದ್ದಲ್ಲೇನು ಇದು?”

“ನೀ ಬ್ರೇಕ್ ಹಿಡದದ್ದು ನನಗ ಕೇಳಿಸ್ತಲೇ ದೋಸ್ತ. ಎರಡು ಸಲ ನಿನ್ನ ಗೆಲ್ಲಿಸೀನಿ, ಆ ಎರಡರಾಗೂ ನಾ ಅದೀನಿ. ಇದರಾಗ ಮಾತ್ರ ನಾ ಇಲ್ಲ. ನಿಮ್ಮ ಗ್ವಾಡಿಗೇ ತೂಗಹಾಕು. ಭಿಕ್ಷಾ ತೂಗಹಾಕಾಕ ನಮ್ಮ ಮನ್ಯಾಗ ಮೊಳೆ ಇಲ್ಲ.”

ಗುರುಗಳು ಕತೆ ನಿಲ್ಲಿಸಿ ಪಂಪು ಎತ್ತಿಕೊಂಡರು.

ದಾನಮ್ಮ ಬಿಡಲಿಲ್ಲ. “ಹಾಗಾದರೆ ಆ ಸವಾರ ಗೆಲ್ಲಬೇಕಿತ್ತೋ, ಸೋಲಬೇಕಿತ್ತೋ?”

“ಯಾವುದಾದರೂ ನಡೆಯುತ್ತಿತ್ತು ತಾಯಿ, ಆದರೆ ಕೊಡುವ ಮನಸ್ಸಿದ್ದವನು ಗೆರೆಯ ಹತ್ತಿರ ಬ್ರೇಕ್ ಹಿಡಿಯುವುದಿಲ್ಲ, ಮೊದಲ ಮೈಲಿಯಲ್ಲೇ ಮುಂದೆ ಬಂದು ಗಾಳಿಗೆ ಎದೆ ಕೊಡುತ್ತಾನೆ.”