ಕಳ್ಳಿಗಿಡದ ಪೋಷಕ

ನಮ್ಮೂರಿನ ಗಾಜಿನ ಮನೆಗೆ ನೂರು ವರ್ಷ ದಾಟಿದೆ. ಅದನ್ನು ಸಾಕುತ್ತಿರುವವರು ಊರಿನವರೇ. ಮನೆಗೊಂದು ಗಿಡದಂತೆ ಹಂಚಿಕೊಂಡಿದ್ದಾರೆ. ನನ್ನಂಥ ಮಹಾ ಸಸ್ಯತಜ್ಞನ ಪಾಲಿಗೆ ಬಂದದ್ದು ಮುದಿ ಪಾಪಾಸುಕಳ್ಳಿ. ನಾನು ದಿನಾ ಬೆಳಿಗ್ಗೆ, ಹೆಂಡತಿ ಬೇಡವೆಂದರೂ ಕೇಳದೆ, ಎಲ್ಲರೂ ನೋಡುವಂತೆ, ಅದಕ್ಕೆ ಎರಡು ಕೊಡ ನೀರು ಸುರಿದೆ. ಹದಿನೈದು ದಿನಕ್ಕೆ ಕಳ್ಳಿ ಹಳದಿಯಾಯಿತು. "ನೋಡಿ, ಬಂಗಾರದ ಬಣ್ಣ ತರಿಸಿದ್ದೇನೆ" ಎಂದು ಬಂದವರಿಗೆಲ್ಲ ತೋರಿಸಿದೆ.

ಹದಿನಾರನೆಯ ದಿನ ಕಳ್ಳಿಯೇ ಬಾಯಿಬಿಟ್ಟಿತು. "ಹೊನ್ನಪ್ಪನವರೇ, ನನ್ನ ಬೇರು ಕೊಳೆಯುತ್ತಿದೆ. ಇನ್ನೊಂದು ಕೊಡ ಬಿದ್ದರೆ ನಾನು ಉಳಿಯುವುದಿಲ್ಲ. ತಮಗೆ ನಿಜವಾಗಿ ಚೆನ್ನಾಗಿ ಬರುವ ಕೆಲಸ ಯಾವುದು?"

ಸುಳ್ಳು ಹೇಳೋಣವೆಂದರೆ ಮುಳ್ಳುಗಳೆಲ್ಲ ನನ್ನ ಕಡೆಗೇ ತಿರುಗಿದ್ದವು. "ಸುಮ್ಮನೆ ಕೂರುವುದು" ಎಂದೆ.

"ಹಾಗಾದರೆ ಅದನ್ನೇ ಮಾಡಿ."

ಮಾಡಿದೆ. ಎದುರಿನ ಬೆಂಚಿನ ಮೇಲೆ ಮೂರು ತಿಂಗಳು, ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡದೆ ಕೂತೆ. ಅಷ್ಟು ಶ್ರದ್ಧೆಯಿಂದ ಕೂರುವವನು ಈ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ. ಕಳ್ಳಿ ಮತ್ತೆ ಹಸಿರಾಯಿತು. ಒಂದು ಭಾನುವಾರ ನೆತ್ತಿಯ ಮೇಲೆ ಕೆಂಪು ಹೂವನ್ನೂ ಬಿಟ್ಟಿತು. ಊರಿನವರು ನನಗೆ ಶಾಲು ಹೊದಿಸಿ, "ಇನ್ನು ಪಕ್ಕದ ಫರ್ನ್ ಗಿಡವನ್ನೂ ಹೊನ್ನಪ್ಪನವರೇ ನೋಡಿಕೊಳ್ಳಲಿ" ಎಂದರು.

ಫರ್ನ್ ಗಿಡಕ್ಕೆ ದಿನಾ ನೀರು ಬೇಕು. ಮೂರು ತಿಂಗಳಿಂದ ಅದು ನನ್ನನ್ನೇ ನೋಡುತ್ತಿತ್ತು. ಮೆಲ್ಲಗೆ ನನ್ನ ಶಾಲಿನ ತುದಿ ಎಳೆದು ಹೇಳಿತು:

"ಅಣ್ಣಾವ್ರೇ, ಶಾಲು ನೀವೇ ಇಟ್ಟುಕೊಳ್ಳಿ. ನೀರಿಗೆ ಮಾತ್ರ ಅತ್ತಿಗೆಯವರನ್ನು ಕಳಿಸಿ."