ಟುವ್ವಿ ಹಕ್ಕಿ ಎಲೆ ಹೊಲಿದದ್ದು

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಯಾವ ಕಡೆಯಿಂದ ಹುಟ್ಟಬೇಕು ಎನ್ನುವುದು ಸೂರ್ಯನಿಗೆ ಆಗಷ್ಟೇ ಗೊತ್ತಾಗಿತ್ತು. ಗಾಳಿಗೆ ಮಾತ್ರ ಮೆಲ್ಲಗೆ ನಡೆಯುವುದು ಇನ್ನೂ ಬಂದಿರಲಿಲ್ಲ.

ಟುವ್ವಿ ಎಂಬ ಪುಟ್ಟ ಹಕ್ಕಿ ಮರವೊಂದರ ಅಗಲವಾದ ಎಲೆಯ ಮೇಲೆ ಮೊಟ್ಟೆ ಇಟ್ಟಿತು. ಗಾಳಿ ಬಂತು. ಎಲೆ ವಾಲಿತು. ಮೊಟ್ಟೆ ಉರುಳಿ ಬಿದ್ದು ಒಡೆಯಿತು. ಟುವ್ವಿ ಬಿಕ್ಕಿ ಬಿಕ್ಕಿ ಅತ್ತಿತು.

ಅದೇ ಮರದ ಕೆಳಗೆ ಫಕೀರವ್ವ ಎಂಬಾಕೆ ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಹೊಸ ಲೋಕದಲ್ಲಿ ಹಳೆ ಸೀರೆ ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ.

"ಅವ್ವಾ, ನನಗೂ ಹೊಲಿಗೆ ಕಲಿಸು. ಹೊಟ್ಟೆಯಲ್ಲಿ ಇನ್ನೊಂದು ಮೊಟ್ಟೆ ಇದೆ. ಅದೂ ಬಿದ್ದರೆ ನಾನೇನು ಮಾಡಲಿ?" ಎಂದಿತು ಟುವ್ವಿ.

"ಅದಕ್ಯಾಕ ಅಳತಿ? ಬಾ ಇಲ್ಲೆ. ನಿನ್ನ ಕೊಕ್ಕ ಸೂಜಿ ಇದ್ದಂಗ ಐತಿ."

ಫಕೀರವ್ವ ದಾರದ ತುದಿಗೆ ಗಂಟು ಹಾಕಿದಳು. ಸೂಜಿಯನ್ನು ಕೆಳಗಿಳಿಸಿದಳು, ಮೇಲೆತ್ತಿದಳು, ಬಿಗಿಯಾಗಿ ಜಗ್ಗಿದಳು. ಟುವ್ವಿ ಕಣ್ಣು ಮಿಟುಕಿಸದೆ ನೋಡಿತು.

ಆಮೇಲೆ ಎಲೆಯ ಅಂಚುಗಳನ್ನು ಸೇರಿಸಿ ಕೊಕ್ಕಿನಿಂದ ಚುಚ್ಚಿತು. ಹತ್ತಿಯ ಎಳೆ ತೂರಿಸಿತು. ಫಕೀರವ್ವನ ಹಾಗೆಯೇ ಬಿಗಿಯಾಗಿ ಜಗ್ಗಿತು. ಪರ್‍ರ್! ಎಲೆ ಹರಿಯಿತು. ಇನ್ನೊಂದು ಎಲೆ ಹಿಡಿಯಿತು. ಪರ್‍ರ್!

"ಅಯ್ಯೋ, ಅದು ಬಟ್ಟೆಯಲ್ಲಮ್ಮ," ಎಂದು ಮರ ನರಳಿತು. "ನನ್ನ ಎಲೆ ನಾಳೆ ಇನ್ನೂ ಅಗಲವಾಗಬೇಕು. ಅದಕ್ಕೆ ಜಾಗ ಬೇಡವೇ?"

ಫಕೀರವ್ವನ ಸೂಜಿ ನಿಂತಿತು. "ಖರೇನ ಐತಿ. ನಾ ಬರೇ ಅರಿವಿ ಹೊಲಿದಾಕಿ. ಜೀವ ಇದ್ದದ್ದನ್ನ ಹೊಲಿಯೂದು ನನಗೂ ಬರಂಗಿಲ್ಲ. ಸಡಲ ಬಿಟ್ಟು ನೋಡವಾ."

ಸಡಿಲ ಬಿಟ್ಟರೆ ಎಳೆ ಜಾರಿ ಬರುತ್ತಿತ್ತು. ಗಂಟು ಹಾಕೋಣವೆಂದರೆ ಟುವ್ವಿಗೆ ಕೈಯಿಲ್ಲ. ಅದು ಯೋಚಿಸಿ ಯೋಚಿಸಿ, ಹೊರಗೆ ಉಳಿದ ತುದಿಯನ್ನು ಕೊಕ್ಕಿನಿಂದ ಹಿಂಜಿತು. ಹತ್ತಿ ಉಬ್ಬಿ ಪುಟ್ಟ ಉಂಡೆಯಾಯಿತು. ತೂತಿನಲ್ಲಿ ಸಿಕ್ಕಿಕೊಂಡಿತು, ಜಾರಲಿಲ್ಲ! ಒಂದೊಂದು ಹೊಲಿಗೆಗೂ ಒಂದೊಂದು ಎಳೆ, ಒಂದೊಂದು ಉಂಡೆ. ಎಲೆ ಚೀಲವಾಯಿತು. ಟುವ್ವಿ ಒಳಗೆ ಮೆತ್ತಗೆ ಹತ್ತಿ ಹಾಸಿ ಮೊಟ್ಟೆ ಇಟ್ಟಿತು.

ಗಾಳಿ ಮತ್ತೆ ಬಂತು. ಚೀಲ ತೂಗಿತು, ತೂಗಿತು, ಮೊಟ್ಟೆ ಬೀಳಲಿಲ್ಲ.

"ಏ, ಭಾಳ ಛಂದ ಹೊಲದಿ ನನ್ನವ್ವ! ನನಗೂ ಕಲಿಸು," ಎಂದು ನಕ್ಕಳು ಫಕೀರವ್ವ.

ಇವತ್ತಿಗೂ ಗಿಡದ ಎಲೆಯ ಅಂಚಿನಲ್ಲಿ ಹತ್ತಿಯ ಪುಟ್ಟ ಉಂಡೆಗಳು ಕಂಡರೆ ಎಳೆದು ನೋಡಬೇಡಿ ಮಕ್ಕಳೇ. ಟುವ್ವಿ ಬಿಗಿಯಾಗಿ ಜಗ್ಗದೆ ಬಿಟ್ಟಿದ್ದಕ್ಕೇ, ಒಳಗೆ ಮರಿಗಳು ಬೆಳೆಯುತ್ತಿರುವಾಗ ಎಲೆಯೂ ಹಸಿರಾಗಿ ಅವುಗಳ ಜೊತೆ ಬೆಳೆಯುತ್ತಿರುತ್ತದೆ.