ಅರವಟ್ಟಿಗೆಯವನ ಮಾತು

ಫೆಬ್ರುವರಿ ಹದಿನೆಂಟು, ಬುಧವಾರ. ಬೆಳಿಗ್ಗೆ ಚಳಿ, ಹತ್ತು ಗಂಟೆಗೆಲ್ಲ ಸುಡುವ ಬಿಸಿಲು, ಒಣಗಾಳಿ.

"ಅಜ್ಜಾರ, ಇಲ್ಲದ ಗಿರಾಕಿ ಬಾಯಿಲೆ ನಮ್ಮ ಮಾಲು ಹೊಗಳಿಸಿದ್ರ ತಪ್ಪೇನ್ರಿ? ಮಾಲು ಖರೇನ ಛಲೋ ಇದ್ರೂ ತಪ್ಪೇನ್ರಿ?"

ದಾನೇಶ್ವರಿ ಇದನ್ನು ಮಠದ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನವರ ಮುಂದೆ ನಿಂತೇ ಕೇಳಿದಳು. ಅವಳು ಖಣದ ವ್ಯಾಪಾರ ಮಾಡುವವಳು. ಕುಪ್ಪಸಕ್ಕೆಂದು ಊರಿನ ಮಗ್ಗಗಳಲ್ಲಿ ನೇಯುವ ಆ ಬಟ್ಟೆಯನ್ನು ವೆಬ್‌ಸೈಟಿನಲ್ಲಿ ಮಾರುತ್ತಿದ್ದಳು. ಯುಗಾದಿಗೆ ಇನ್ನು ಇಪ್ಪತ್ತೊಂಬತ್ತು ದಿನ. ಹಬ್ಬ ಹತ್ತಿರ ಬಂದಾಗ ದೂರದೂರದ ಜನ ಫೋನಿನಲ್ಲಿ ಖಣ ಹುಡುಕುತ್ತಾರೆ. ಹುಡುಕಿದವರ ಕಣ್ಣಿಗೆ ಮೊದಲು ಬೀಳುವ ನಾಲ್ಕೈದು ಅಂಗಡಿಗಳಿಗೆ ಗಿರಾಕಿ, ಉಳಿದವರಿಗೆ ನೊಣ ಹೊಡೆಯುವ ಕೆಲಸ. ಅವಳ ಅಂಗಡಿ ಮೂರನೆಯ ಪುಟದಲ್ಲಿತ್ತು. ಹೋದ ಯುಗಾದಿಗೂ ಅಲ್ಲೇ ಇತ್ತು. ಆ ವರ್ಷ ಹನ್ನೆರಡು ಮಗ್ಗಗಳಲ್ಲಿ ನಾಲ್ಕು ನಿಂತವು. ಈ ಹಬ್ಬವೂ ಹಾಗೆಯೇ ಕಳೆದರೆ ಉಳಿದ ಎಂಟೂ ನಿಲ್ಲುತ್ತವೆ ಎಂದು ನೇಕಾರರು ಅವಳ ಮುಖಕ್ಕೇ ಹೇಳಿದ್ದರು.

ಎರಡು ತಿಂಗಳಿಂದ ಅವಳು ಪಟ್ಟ ಪಾಡು ಕಡಿಮೆಯದಲ್ಲ. ಹೊಸ ಫೋಟೋ ಹಾಕಿದ್ದಳು, ಜನ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಬರೆದಿದ್ದಳು, ಯಾವ ಊರಿಗೆ ಯಾವ ದಿನ ಮಾಲು ಮುಟ್ಟುತ್ತದೆಂದು ನಮೂದಿಸಿದ್ದಳು. ಮೂರನೆಯ ಪುಟದಿಂದ ಕದಲಿರಲಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯ ಒಬ್ಬಾತ ಫೋನು ಮಾಡಿದ್ದ. ಮುನ್ನೂರು ಜನರ ಹೆಸರಿನಲ್ಲಿ ಹೊಗಳಿಕೆ ಬರೆಸುತ್ತೇನೆ, ಹದಿನೈದು ದಿನದಲ್ಲಿ ಮೊದಲ ಪುಟಕ್ಕೆ ತರುತ್ತೇನೆ, ಸಂಜೆಯೊಳಗೆ ಹೂಂ ಅನ್ನಿ ಎಂದಿದ್ದ. ಇದನ್ನೆಲ್ಲ ಅವಳು ಅಜ್ಜನವರಿಗೆ ಒಂದೇ ಉಸಿರಿಗೆ ಹೇಳಿದಳು.

"ಕುಂದರವ್ವ," ಎಂದರು ಅಜ್ಜ.

"ಕುಂದ್ರಾಕ ಹೊತ್ತಿಲ್ರಿ ಅಜ್ಜಾರ."

"ಹೊತ್ತಿಲ್ಲದಾಕಿ ಇಲ್ಲಿಗ್ಯಾಕ ಬಂದಿ? ಹುಬ್ಬಳ್ಳಿಯವಗ ಹೂಂ ಅನ್ನಾಕ ನನ್ನ ಕಟ್ಟಿ ಬೇಕಾಗಿತ್ತೇನು?"

ದಾನೇಶ್ವರಿ ಕಟ್ಟೆಯ ಅಂಚಿಗೆ ಕುಳಿತಳು. ಅವಳ ಕಾಲು ಅಲುಗುವುದು ನಿಲ್ಲಲಿಲ್ಲ. ಅಜ್ಜ ಅದನ್ನು ನೋಡಿಯೂ ನೋಡದವರಂತೆ ಕತೆಗೆ ತೊಡಗಿದರು.

ಒಂದು ಪೇಟೆಯಲ್ಲಿ ತಲೆಗೆ ಸುತ್ತುವ ರುಮಾಲು ಮಾರುವ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಆರು ಮಗ್ಗ, ಆರು ಜನ ನೇಕಾರರು. ಅವರು ನೇಯ್ದ ರುಮಾಲಿಗೆ ಹೆಸರಿಡುವಂತಿರಲಿಲ್ಲ. ಆದರೆ ಅಂಗಡಿ ಸಂದಿಯೊಳಗಿತ್ತು. ಯುಗಾದಿಗೆ ಹೊಸ ರುಮಾಲು ಕೊಳ್ಳಲು ಬಂದ ಪರಊರಿನವರು ಅತ್ತ ತಿರುಗುತ್ತಿರಲಿಲ್ಲ.

ಪೇಟೆಯ ಹೊರಗೆ, ದಾರಿ ಕವಲೊಡೆಯುವಲ್ಲಿ, ಒಂದು ಅರವಟ್ಟಿಗೆ. ಬೇಸಗೆ ಮುಗಿಯುವವರೆಗೆ ಅಲ್ಲೊಬ್ಬ ಮುದುಕ ದಾರಿಹೋಕರಿಗೆ ಪುಕ್ಕಟೆ ನೀರು ಕೊಡುತ್ತಿದ್ದ. ಬಂದವರು ನೀರು ಕುಡಿದು, ಬಾಯಿ ಒರೆಸಿಕೊಂಡು, ಒಳ್ಳೆಯ ರುಮಾಲು ಯಾರಲ್ಲಿ ಸಿಗುತ್ತದೆಂದು ಕೇಳುತ್ತಿದ್ದರು. ಅವನು ಒಂದು ಅಂಗಡಿಯ ಹೆಸರು ಹೇಳುತ್ತಿದ್ದ. ಅವರು ನೇರ ಅಲ್ಲಿಗೆ ಹೋಗುತ್ತಿದ್ದರು. ಮರಳಿ ಹೋಗುವಾಗ ಅವನು ಒಂದೇ ಮಾತು ಕೇಳುತ್ತಿದ್ದ: "ಮನಸಿಗೆ ಬಂತೇನಪ್ಪ?"

ಬಹಳ ವರ್ಷದಿಂದ ಅವನು ಹೇಳುತ್ತಿದ್ದುದು ಮೂಲೆ ಅಂಗಡಿಯ ಒಬ್ಬ ಮುದುಕಿಯ ಹೆಸರು. ಆಕೆ ಪ್ರತಿ ರುಮಾಲಿನ ತುದಿಯನ್ನು ಗಿರಾಕಿಯ ಎದುರಿಗೇ ನೀರಿನಲ್ಲಿ ಅದ್ದಿ, ಬಣ್ಣ ಬಿಡುವುದಿಲ್ಲವೆಂದು ಬಿಳಿ ಅರಿವೆಯ ಮೇಲೆ ಹಿಂಡಿ ತೋರಿಸಿ, ಆಮೇಲೆ ಮಾರುವವಳು.

ಯುಗಾದಿಗೆ ಇಪ್ಪತ್ತು ದಿನ ಇರುವಾಗ ವ್ಯಾಪಾರಿ ಒಂದು ಹೆಡಿಗೆ ಬೆಲ್ಲ, ಒಂದು ಹೊಸ ಧೋತರ ಹಿಡಿದು ಅರವಟ್ಟಿಗೆಗೆ ಹೋದ.

ಮುದುಕ ನಕ್ಕ. "ಬೆಲ್ಲ ಇಡ್ರಿ ಸಾವಕಾರ್ರ, ನೀರಿಗೆ ಬಂದವರಿಗೆ ಹಂಚ್ತೀನಿ. ಧೋತರ ಒಯ್ಯರಿ. ನಾ ಹೇಳೂದು ನನ್ನ ಮಾತಲ್ಲ. ತಗೊಂಡು ಬರಾವರು ಹೇಳ್ತಾರ, ತಗೊಳ್ಳಾಕ ಹೋಗಾವರು ಕೇಳ್ತಾರ. ನಾ ನಡುವ ನೀರು ಹಾಕಾಂವ."

ವ್ಯಾಪಾರಿಗೆ ಅಂಗಡಿಯಲ್ಲಿ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಎದ್ದ, ಕುಳಿತ, ಸಂದಿಯ ತುದಿಯವರೆಗೆ ಹೋಗಿ ಬಂದ. ಒಬ್ಬ ಕೊಂಡು, ಅವನು ಇನ್ನೊಬ್ಬನಿಗೆ ಹೇಳಿ, ಆ ಮಾತು ಅರವಟ್ಟಿಗೆ ಮುಟ್ಟುವುದರೊಳಗೆ ಎಷ್ಟು ಯುಗಾದಿ ಕಳೆಯಬೇಕು? ಮರುದಿನ ಬೆಳಿಗ್ಗೆ ಆರೂ ನೇಕಾರರನ್ನು ಮಗ್ಗದಿಂದ ಎಬ್ಬಿಸಿದ. ಮೊದಲು ಹೆಸರಾಗಲಿ, ನೇಯುವುದು ಆಮೇಲೆ ಎಂದ. ಬಗಲಿಗೆ ಒಂದೊಂದು ರುಮಾಲು ಕೊಟ್ಟು, ಪೇಟೆಯಿಂದ ಊರಿಗೆ ಮರಳುವ ಗಿರಾಕಿಗಳಂತೆ ಅರವಟ್ಟಿಗೆಯ ಮುಂದೆ ನಡೆಸಿದ.

ನೀರು ಹಾಕುವವನು ಬೊಗಸೆ ನೋಡುತ್ತಾನೆ, ಮುಖ ನೋಡುವುದಿಲ್ಲ. ನೇಕಾರರು ಬಂದರು, ಕುಡಿದರು, ಹೊಗಳಿದರು, ಸುತ್ತು ಹಾಕಿ ಮತ್ತೆ ಬಂದರು. ಮೂರನೆಯ ದಿನ ಅವರಲ್ಲೊಬ್ಬ ಹೊಟ್ಟೆ ಹಿಡಿದುಕೊಂಡು ವ್ಯಾಪಾರಿಯ ಮುಂದೆ ನಿಂತ. "ಸಾವಕಾರ್ರ, ಹೊಗಳಾಕ ಬಾಯಿ ಐತ್ರಿ, ಕುಡಿಯಾಕ ಹೊಟ್ಯಾಗ ಜಾಗಿಲ್ರಿ." ವ್ಯಾಪಾರಿ ಅವನಿಗೆ ಅರ್ಧ ದಿನ ಬಿಡುವು ಕೊಟ್ಟ.

ಎಂಟನೆಯ ದಿನ ಅರವಟ್ಟಿಗೆಯವನು ಮೂಲೆ ಅಂಗಡಿಯ ಹೆಸರು ಬಿಟ್ಟು ವ್ಯಾಪಾರಿಯ ಹೆಸರು ಹೇಳಿದ.

"ನೋಡ್ರಿ ಮತ್ತ," ಎಂದಳು ದಾನೇಶ್ವರಿ. "ಆಂವನ ಮಾಲು ಛಲೋ ಇತ್ತು. ಕಾಣತಿರಲಿಲ್ಲ ಅಷ್ಟ. ಈಗ ಕಂಡ್ತು."

"ಹೌದವ್ವ, ಕಂಡ್ತು," ಎಂದರು ಅಜ್ಜ.

ಸಂದಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಬಂದರು. ಪೆಟ್ಟಿಗೆಯಲ್ಲಿದ್ದ ರುಮಾಲು ಎರಡು ದಿನಕ್ಕೆ ತೀರಿತು. ಮಗ್ಗದ ಕಡೆ ನೋಡಿದರೆ ಹತ್ತು ದಿನದಿಂದ ಒಂದು ಎಳೆಯೂ ಸೇರಿರಲಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ಅವರು ಅರವಟ್ಟಿಗೆಯಲ್ಲಿ ಅದನ್ನೇ ಹೇಳುತ್ತಾರೆ. ವ್ಯಾಪಾರಿ ಬೇರೆ ಊರಿಗೆ ಗಾಡಿ ಕಳಿಸಿ, ಸಿಕ್ಕ ಸಿಕ್ಕ ಕೆಂಪು ರುಮಾಲು ತರಿಸಿ, ತನ್ನದೆಂದು ಮಾರಿದ. ಇದೊಂದು ಹಬ್ಬ ದಾಟಲಿ, ಮುಂದಿನ ಸಲ ನಮ್ಮ ಮಗ್ಗದ್ದನ್ನೇ ಕೊಟ್ಟರಾಯಿತು ಎಂದುಕೊಂಡ.

ಯುಗಾದಿಯ ದಿನ ಇಳಿಹೊತ್ತು ಸುತ್ತಲಿನ ಹಳ್ಳಿಗಳಲ್ಲಿ ಪಂಚಾಂಗ ಓದಿಸಿದರು. ಗಂಡಸರೆಲ್ಲ ಹೊಸ ರುಮಾಲು ಸುತ್ತಿ ಕುಳಿತಿದ್ದರು. ಗಾಳಿ ಇರಲಿಲ್ಲ, ಎಲ್ಲರೂ ಬೆವರುತ್ತಿದ್ದರು. ಓದುವವರು ಮಳೆ ಎಷ್ಟು ಬೆಳೆ ಎಷ್ಟು ಎಂದು ಹೇಳುತ್ತಿದ್ದಂತೆ, ಕೇಳುವವರ ಹಣೆಯ ಮೇಲಿಂದ ಕೆಂಪು ನೀರು ಇಳಿಯತೊಡಗಿತು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಮಕ್ಕಳು ಹೆದರಿ ಅತ್ತವು.

ಮರುದಿನ ಆ ಗಂಡಸರು ಬಂದರು. ಸಂದಿಗೆ ಹೋಗಲಿಲ್ಲ. ವ್ಯಾಪಾರಿ ಅವರಿಗೆ ಯಾರು? ಅವರು ನಂಬಿದ್ದು ಅವನನ್ನಲ್ಲ. ಅರವಟ್ಟಿಗೆಯ ಮುಂದೆ ನಿಂತು ಒಬ್ಬ ರುಮಾಲು ಬಿಚ್ಚಿ ನೆಲಕ್ಕೆ ಒಗೆದ. "ಏ ಮುದುಕಾ, ನಿನ್ನ ಮಾತು ತಲಿಗೆ ಸುತ್ತಿಕೊಂಡಿದ್ವಿ. ನೋಡು ನಮ್ಮ ಹಣಿ."

ಅರವಟ್ಟಿಗೆಯವನು ಆ ದಿನ ಮೊದಲ ಬಾರಿಗೆ ಬೊಗಸೆ ಬಿಟ್ಟು ಮುಖಗಳನ್ನು ನೋಡಿದ. ಹಣೆ ತೊಳೆದುಕೊಳ್ಳಲು ಒಬ್ಬೊಬ್ಬರಿಗೂ ನೀರು ಹಾಕಿದ.

ಅಜ್ಜ ನಿಲ್ಲಿಸಿದರು. ದಾನೇಶ್ವರಿಯ ಕೈಯಲ್ಲಿ ಫೋನು ಬಡಿದುಕೊಂಡಿತು. ಹುಬ್ಬಳ್ಳಿಯವನು. ಅವಳು ಎತ್ತಲಿಲ್ಲ, ಕಡಿಯಲೂ ಇಲ್ಲ. ಅದು ತಾನಾಗಿ ನಿಂತು, ಮತ್ತೆ ಶುರುವಾಯಿತು. ಅವಳಿಗೆ ಬೇಕಾಗಿದ್ದುದು ಒಂದೇ, ಬೆಲೆ. ಆ ವ್ಯಾಪಾರಿಗೆ ದಂಡ ಬಿದ್ದಿತೋ, ಒಂದು ವರ್ಷದ ವ್ಯಾಪಾರ ಹೋಯಿತೋ, ಅಂಗಡಿಯೇ ಮುಚ್ಚಿತೋ? ಅಷ್ಟು ಗೊತ್ತಾದರೆ ಅದನ್ನು ಒಂದು ಕಡೆ, ಎಂಟು ಮಗ್ಗಗಳನ್ನು ಇನ್ನೊಂದು ಕಡೆ ಇಟ್ಟು ತೂಗಬಹುದು.

"ಆ ವ್ಯಾಪಾರಿ ಕೊನಿಗೆ ಏನು ತೆತ್ತನ್ರಿ ಅಜ್ಜಾರ?"

"ತೆತ್ತಾಂವ ಅವ ಅಲ್ಲವ್ವ, ಮುಂದಿನ ಯುಗಾದಿಗೂ ಮಂದಿ ಬಂದ್ರು, ಬೊಗಸಿ ಒಡ್ಡಿ ನೀರು ಕುಡದ್ರು, ಆ ಮುದುಕನ್ನ ಯಾವ ಅಂಗಡಿ ಛಲೋ ಅಂತ ಯಾರೂ ಕೇಳಲಿಲ್ಲ."